ಗೋಡೆಯ ಮೇಲಿನ ಲೆಕ್ಕ

ತಿಂಗಳ ಕೊನೆಯ ಭಾನುವಾರ ಬೆಳಿಗ್ಗೆ ಬೆಂಗಳೂರಿನ ವಿಜಯನಗರದ ಅಡ್ಡರಸ್ತೆಗಳಲ್ಲಿ ನಡೆದರೆ, ಯಾವ ಮನೆ ಖಾಲಿಯಾಗುತ್ತಿದೆ ಎಂದು ಯಾರನ್ನೂ ಕೇಳಬೇಕಿಲ್ಲ. ಗೇಟಿನ ಮುಂದೆ ಟಾಟಾ ಏಸ್ ಹಿಂಬದಿಯ ಬಾಗಿಲು ಇಳಿಬಿಟ್ಟು ನಿಂತಿರುತ್ತದೆ. ಫುಟ್‌ಪಾತಿನ ಮೇಲೆ ಬೆಡ್‌ಶೀಟಿನಲ್ಲಿ ಕಟ್ಟಿದ ಬಟ್ಟೆಗಂಟು, ಅಕ್ಕಿ ಡಬ್ಬ, ಕಾಲು ಬಿಚ್ಚಿದ ಮಂಚ, ವಾಲಿಕೊಂಡ ತುಳಸಿ ಕುಂಡ. ಇಬ್ಬರು ಹುಡುಗರು ಫ್ರಿಜ್ಜಿಗೆ ಹಗ್ಗ ಬಿಗಿದು ಇಕ್ಕಟ್ಟಿನ ಮೆಟ್ಟಿಲಲ್ಲಿ ಇಳಿಸುತ್ತಿದ್ದರೆ ಮೇಲಿನಿಂದ ಒಂದು ದನಿ: "ಗೋಡೆ ನೋಡ್ಕೊಳ್ರಪ್ಪಾ, ಗೋಡೆ!" ಕೂಗಿದ್ದು ಓನರ್ ಅಲ್ಲ, ಖಾಲಿ ಮಾಡುತ್ತಿರುವ ಹೆಂಗಸು. ಇವತ್ತು ಬೀಳುವ ಒಂದೊಂದು ಗೀರಿಗೂ ತನ್ನ ಅಡ್ವಾನ್ಸ್‌ನಲ್ಲಿ ದುಡ್ಡು ಹೋಗುತ್ತದೆಂದು ಅವಳಿಗೆ ಗೊತ್ತು.

ಎರಡನೇ ಮಹಡಿಯಲ್ಲಿ ಸಾಮಾನು ಮುಕ್ಕಾಲು ಇಳಿದಿದೆ. ಬೀರು, ಸೋಫಾ ಹೋದ ನಡುಮನೆಯಲ್ಲಿ ಮಾಮೂಲಿ ಮಾತೂ ಗೋಡೆಗೆ ಬಡಿದು ದೊಡ್ಡದಾಗಿ ಕೇಳುತ್ತದೆ. ಬೀರು ನಿಂತಿದ್ದ ಕಡೆ ಬಣ್ಣ ಇನ್ನೂ ಹೊಸದು, ಸುತ್ತ ಮಾಸಲು. ಕ್ಯಾಲೆಂಡರ್ ತೂಗುತ್ತಿದ್ದ ಮೊಳೆಯ ಕೆಳಗೆ ಒಂದು ಬಿಳಿ ಚೌಕ. ಒಲೆಯ ಹಿಂದಿನ ಟೈಲ್ಸ್ ಮೇಲಕ್ಕೆ ಒಗ್ಗರಣೆಯ ಜಿಡ್ಡು ಹತ್ತಿ ಕಂದಾಗಿದೆ. ಬಾಗಿಲ ಚೌಕಟ್ಟಿನ ಪಕ್ಕ ಮಗುವಿನ ಎತ್ತರ ಅಳೆದು ಹಾಕಿದ ಪೆನ್ಸಿಲ್ ಗೆರೆಗಳು, ಒಂದರ ಮೇಲೊಂದು. ರೂಮಿನ ಮೂಲೆಯಲ್ಲಿ ಸಜ್ಜೆಯಿಂದ ಕೆಳಗೆ ತೇವ ಹಿಡಿದು ಬಣ್ಣ ಪದರಪದರವಾಗಿ ಎದ್ದಿದೆ.

ಓನರ್ ಫ್ಯಾಕ್ಟರಿಯಿಂದ ನಿವೃತ್ತರಾದವರು. ಕೆಳಗಿನ ಮನೆಯಲ್ಲಿ ವಾಸ, ಮೇಲಿನ ಎರಡು ಮಹಡಿಯ ಬಾಡಿಗೆಯೇ ತಿಂಗಳ ಆದಾಯ. ಕೈಯಲ್ಲಿ ಉದ್ದನೆಯ ನೋಟ್‌ಬುಕ್, ಕಿವಿಯ ಮೇಲೆ ಪೆನ್ನು. ರೂಮಿನಿಂದ ರೂಮಿಗೆ ಹೋಗಿ ಸ್ವಿಚ್ ಒತ್ತಿ, ನಲ್ಲಿ ತಿರುಗಿಸಿ ನೋಡುತ್ತಾರೆ.

"ಏನಮ್ಮಾ ಇದು, ಎಷ್ಟೊಂದು ಮೊಳೆ!"

"ಅಂಕಲ್, ಅದ್ರಲ್ಲಿ ಅರ್ಧ ನಾವು ಬಂದಾಗ್ಲೇ ಇತ್ತು."

"ಇತ್ತು ಅಂತ ಆವಾಗ್ಲೇ ಹೇಳ್ಬೇಕಿತ್ತು."

ಅವಳ ಗಂಡ ಪೀಣ್ಯದಲ್ಲಿ ಮೆಷಿನ್ ಶಾಪ್ ಕೆಲಸದವನು. ಏನೋ ಹೇಳಲು ಬಾಯಿ ತೆರೆದು ಸುಮ್ಮನಾಗುತ್ತಾನೆ. ನಾಲ್ಕು ವರ್ಷದ ಹಿಂದೆ ಮನೆಗೆ ಬಂದ ದಿನ ಹಾಲುಕ್ಕಿಸುವ ಗಡಿಬಿಡಿ. ಗೋಡೆಯನ್ನು ಯಾರೂ ಜೊತೆಯಲ್ಲಿ ನಿಂತು ನೋಡಲಿಲ್ಲ, ಒಂದು ಫೋಟೋ ತೆಗೆಯಲಿಲ್ಲ. ಜಗಳದ ಬೇರು ಇಲ್ಲೇ ಇದೆ ಎಂದು ನನ್ನ ನಂಬಿಕೆ. ಬರುವ ದಿನ ಎಲ್ಲರಿಗೂ ಒಳ್ಳೆಯವರಾಗಿರುವ ಆಸೆ, ಇರುವ ಬಿರುಕನ್ನು ತೋರಿಸಿದರೆ ಮನಸ್ಸು ಮುರಿದೀತೆಂಬ ಸಂಕೋಚ.

ನೋಟ್‌ಬುಕ್ಕಿನ ಪುಟ ಹೀಗಿದೆ: ಪೇಂಟಿಂಗ್ 14,500, ರೂಮಿನ ಗೋಡೆ 4,000, ಗೀಸರ್ 2,800, ಕ್ಲೀನಿಂಗ್ 2,000, ಕರೆಂಟ್ ಬಿಲ್ 1,150. ಒಟ್ಟು 24,450 ರೂಪಾಯಿ. ಅಡ್ವಾನ್ಸ್ ಕೊಟ್ಟದ್ದು 1,20,000. ಆಗ ಬಾಡಿಗೆ 12,000 ಇತ್ತು, ಹತ್ತು ತಿಂಗಳ ಲೆಕ್ಕ. ಆಮೇಲೆ ಅಗ್ರಿಮೆಂಟ್ ಹೊಸದಾದಾಗಲೆಲ್ಲ ಶೇ. 5 ಏರಿ ಹದಿನಾಲ್ಕೂವರೆಗೆ ಬಂದಿದೆ. "ಪೇಂಟಿಂಗಿಗೆ ಒಂದು ತಿಂಗಳ ಬಾಡಿಗೆ ಮುರಿದುಕೊಳ್ಳತಕ್ಕದ್ದು" ಎಂದು ಅಗ್ರಿಮೆಂಟಿನಲ್ಲಿದೆ. ಯಾವ ತಿಂಗಳದು? ಬಂದಾಗಿನದೋ, ಹೋಗುವಾಗಿನದೋ?

ಈ ಸಾಲನ್ನು ಅವರಿಬ್ಬರೂ ಬರೆದದ್ದಲ್ಲ. ಸ್ಟಾಂಪ್ ಪೇಪರ್ ಅಂಗಡಿಯ ಕಂಪ್ಯೂಟರಿನಲ್ಲಿ ಮೊದಲೇ ಇದ್ದ ಪ್ರತಿ. ಹೆಸರು, ವಿಳಾಸ, ಮೊತ್ತ ಮಾತ್ರ ಬದಲಾಗುತ್ತದೆ. ಹನ್ನೊಂದು ತಿಂಗಳ ಅವಧಿಯೂ ಹಾಗೆಯೇ ಬಂದದ್ದು. ಒಂದು ವರ್ಷ ಮೀರಿದ ಗುತ್ತಿಗೆಯನ್ನು 1908ರ ನೋಂದಣಿ ಕಾಯ್ದೆಯ ಪ್ರಕಾರ ಕಡ್ಡಾಯವಾಗಿ ರಿಜಿಸ್ಟರ್ ಮಾಡಿಸಬೇಕು. ಆ ಖರ್ಚು, ಓಡಾಟ ಬೇಡವೆಂದು ಊರಿಗೆ ಊರೇ ಹನ್ನೊಂದಕ್ಕೆ ನಿಂತಿದೆ. 1999ರ ಕರ್ನಾಟಕ ಬಾಡಿಗೆ ಕಾಯ್ದೆಯ ಆಸರೆಯೂ ಈ ಮನೆಗೆ ಸಿಗದು. ಬೆಂಗಳೂರಿನಲ್ಲಿ ತಿಂಗಳಿಗೆ 3,500 ರೂಪಾಯಿ ದಾಟಿದ ಬಾಡಿಗೆಯ ಮನೆಗಳನ್ನು ಅದು ಹೊರಗಿಟ್ಟಿದೆ.

ಉಳಿದದ್ದು 1882ರ ಸ್ವತ್ತು ವರ್ಗಾವಣೆ ಕಾಯ್ದೆ. ಅದರ 108ನೇ ಕಲಮು ಬಾಡಿಗೆದಾರನಿಗೆ ಹೇಳುವುದಿಷ್ಟು: ಮನೆಯನ್ನು ಪಡೆದ ಸ್ಥಿತಿಯಲ್ಲೇ ಒಪ್ಪಿಸು, ಆದರೆ ಸಹಜವಾಗಿ ಸವೆದದ್ದಕ್ಕೆ, ತಡೆಯಲಾಗದ ಶಕ್ತಿಯಿಂದ ಆದದ್ದಕ್ಕೆ ನೀನು ಹೊಣೆಯಲ್ಲ. ಬಿಸಿಲಿಗೆ ಮಾಸಿದ ಬಣ್ಣ, ಜನ ಓಡಾಡಿ ಸವೆದ ನೆಲ, ಇವೆಲ್ಲ ಸಹಜ ಸವೆತವೇ. ಮನೆ ಎಂದಮೇಲೆ ಅಲ್ಲಿ ಒಗ್ಗರಣೆ ಹಾಕುತ್ತಾರೆ, ಮಗು ಗೋಡೆ ಹಿಡಿದು ನಿಲ್ಲುತ್ತದೆ. ಬಾಡಿಗೆ ಕೊಡುವುದು ಅದಕ್ಕೇ. ನಾಲ್ಕು ವರ್ಷ ಬಾಡಿಗೆ ಪಡೆದು, ನಾಲ್ಕು ವರ್ಷ ಬಾಳಿದ ಗುರುತಿಗೆ ಮತ್ತೆ ದುಡ್ಡು ಮುರಿದರೆ ಒಂದೇ ಸವೆತಕ್ಕೆ ಎರಡು ಸಲ ವಸೂಲಿ ಮಾಡಿದಂತೆ. ಕೇಂದ್ರ ಸರ್ಕಾರ 2021ರಲ್ಲಿ ಹೊರತಂದ ಮಾದರಿ ಬಾಡಿಗೆ ಕಾಯ್ದೆಯ ಅನುಸೂಚಿ ಗೋಡೆಯ ಸುಣ್ಣಬಣ್ಣವನ್ನು, ಪೈಪು ಬದಲಿಸುವುದನ್ನು, ವೈರಿಂಗನ್ನು ಮಾಲೀಕರ ಪಟ್ಟಿಯಲ್ಲಿಟ್ಟಿದೆ. ನಲ್ಲಿ, ಸ್ವಿಚ್ಚು, ಗೀಸರ್, ಕಿಟಕಿ ಗಾಜಿನ ದುರಸ್ತಿಯನ್ನು ಬಾಡಿಗೆದಾರರ ಪಟ್ಟಿಯಲ್ಲಿ. ವಾಸದ ಮನೆಗೆ ಠೇವಣಿ ಎರಡು ತಿಂಗಳ ಬಾಡಿಗೆ ಮೀರಬಾರದು, ಮನೆ ಬಿಟ್ಟುಕೊಟ್ಟಾಗಲೇ ಹಿಂದಿರುಗಿಸಬೇಕು ಎಂದೂ ಹೇಳುತ್ತದೆ. ಮಾದರಿ ಎಂದರೆ ಮಾದರಿಯೇ. ರಾಜ್ಯದ ಶಾಸಕಾಂಗ ಅದನ್ನು ತನ್ನದಾಗಿಸಿಕೊಂಡಾಗ ಮಾತ್ರ ಅದು ಈ ನಡುಮನೆಗೆ ಬರುತ್ತದೆ.

ಎರಡು ತಿಂಗಳೆಲ್ಲಿ, ಹತ್ತು ತಿಂಗಳೆಲ್ಲಿ! ಈ ಮನೆಯ ಸಂಕಟವೆಲ್ಲ ಆ ಅಂತರದಲ್ಲಿದೆ. ನಾಗರಭಾವಿಯ ಹೊಸ ಮನೆಯವರು ಒಂದೂವರೆ ಲಕ್ಷ ಅಡ್ವಾನ್ಸ್ ಕೈಗೆ ಬಂದ ಮೇಲೆಯೇ ಕೀಲಿ ಕೊಟ್ಟಿದ್ದು. ಹಳೆಯದು ಇನ್ನೂ ಬಂದಿಲ್ಲ. ಹೆಂಡತಿಯ ಸರ, ಎರಡು ಬಳೆ ಅಡವಿಗೆ ಹೋಗಿವೆ. ತಿಂಗಳು ತಿಂಗಳು ಬಡ್ಡಿ. ಇತ್ತ ಓನರ್ ಹತ್ತಿರವೂ ಆ ದುಡ್ಡು ಇಲ್ಲ. ನಾಲ್ಕು ವರ್ಷದ ಹಿಂದೆ ಇವರು ಕೊಟ್ಟದ್ದನ್ನು ಇವರಿಗಿಂತ ಮುಂಚೆ ಇದ್ದವರಿಗೆ ಕೊಟ್ಟರು. ಈಗ ಇವರಿಗೆ ಕೊಡಬೇಕಾದರೆ ಮುಂದಿನವರು ಬರಬೇಕು. ಗೇಟಿಗೆ ಟು-ಲೆಟ್ ಬೋರ್ಡ್ ಕಟ್ಟಿಯಾಗಿದೆ.

"ಹೊಸಬರು ಬಂದು ಅಡ್ವಾನ್ಸ್ ಕೊಡ್ಲಿ, ಅದೇ ದಿನ ನಿಮ್ಗೆ ಕೊಡ್ತೀನಿ ಅಪ್ಪಾ. ನಾನೆಲ್ಲಿಗೆ ಓಡಿಹೋಗ್ತೀನಿ?"

ಅವರ ಮಾತಿನಲ್ಲಿ ಮೋಸ ಇಲ್ಲ. ಆದರೂ ಬಾಡಿಗೆದಾರನ ದುಡ್ಡು ಠೇವಣಿ. ಅದನ್ನು ಬೇರೆಯಾಗಿ ತೆಗೆದಿಡಬೇಕಿತ್ತು. ದುಡ್ಡು ಯಾರ ಕೈಲಿದೆಯೋ ಕೊನೆಯ ಮಾತೂ ಅವರದೇ ಆಗಿಬಿಡುತ್ತದೆ. ನಾಳೆ ಮನೆ ನಡೆಸಬೇಕಾದವರು ಇಪ್ಪತ್ತನಾಲ್ಕು ಸಾವಿರಕ್ಕೆ ಕೋರ್ಟು ಹತ್ತುತ್ತಾರೆಯೇ? ಹತ್ತಬಹುದು, ದಾವೆ ಹೂಡಲು ಮೂರು ವರ್ಷದ ಕಾಲಾವಕಾಶವಿದೆ. 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆಯಂತೆ ಹೆಂಗಸರಿಗೆ ಆದಾಯದ ಮಿತಿಯಿಲ್ಲದೆ ಉಚಿತ ಕಾನೂನು ನೆರವು ಸಿಗುತ್ತದೆ. ಲೋಕ ಅದಾಲತ್ತಿನಲ್ಲಿ ರಾಜಿಯೂ ಆಗುತ್ತದೆ. ಆದರೆ ಮೆಟ್ಟಿಲ ಕೆಳಗೆ ಟೆಂಪೋದವನು ಹಾರ್ನ್ ಹೊಡೆಯುತ್ತಿರುವಾಗ ಇದೆಲ್ಲ ಯಾರಿಗೆ ನೆನಪಾಗುತ್ತದೆ? ಬಹಳಷ್ಟು ಜನ ಮುರಿದುಕೊಂಡಷ್ಟನ್ನು ಬಿಟ್ಟು ಹೋಗುತ್ತಾರೆ.

ಅಷ್ಟರಲ್ಲಿ ಪೇಂಟರ್ ಬಂದ. ಅಳತೆ ನೋಡಿ ರೇಟು ಹೇಳಲು ಓನರೇ ಕರೆಸಿದ್ದು. ಮೊಳೆಯ ತೂತುಗಳ ಕಡೆ ಅವನು ಕಣ್ಣೂ ಹಾಯಿಸಲಿಲ್ಲ. ನೇರ ರೂಮಿನ ಮೂಲೆಗೆ ಹೋಗಿ ಎದ್ದ ಪದರವನ್ನು ಉಗುರಿನಿಂದ ಕೆರೆದು, ಬೆರಳು ಒತ್ತಿ ನೋಡಿದ.

"ಸಾರ್, ಇದು ಒಳಗಿಂದ ಆಗಿರೋದಲ್ಲ. ಟೆರೇಸಲ್ಲಿ ನೀರು ನಿಲ್ತಿದೆ. ಮೇಲೆ ವಾಟರ್‌ಪ್ರೂಫಿಂಗ್ ಮಾಡಿಸ್ದೆ ಇಲ್ಲಿ ಬಣ್ಣ ಹೊಡೆದ್ರೆ ಮುಂದಿನ ಮಳೆಗೇ ಎದ್ದು ಬರುತ್ತೆ."

"ಮೊಳೆ ತೂತು?"

"ಅದೇನ್ ಸಾರ್, ಪುಟ್ಟಿ ತುಂಬಿದ್ರೆ ಆಯ್ತು. ನಾಲ್ಕು ವರ್ಷಕ್ಕೆ ಗೋಡೆ ಚೆನ್ನಾಗೇ ಇಟ್ಕೊಂಡಿದಾರೆ."

ಓನರ್ ಮೂಲೆಯನ್ನು ತಾವೂ ಮುಟ್ಟಿ ನೋಡಿದರು. ಕಿವಿಯಿಂದ ಪೆನ್ನು ತೆಗೆದು 4,000ದ ಮೇಲೆ ಗೆರೆ ಎಳೆದರು. ಬಚ್ಚಲ ಟೈಲ್ಸನ್ನು ಅವಳು ರಾತ್ರಿಯೇ ತಿಕ್ಕಿ ತೊಳೆದಿದ್ದಳು; ಕ್ಲೀನಿಂಗಿನ ಮೇಲೂ ಗೆರೆ ಬಿತ್ತು. ಬೋರ್‌ವೆಲ್ಲಿನ ಗಡಸು ನೀರಿಗೆ ಉಪ್ಪು ಕಟ್ಟಿ ಕಾಯಿಲ್ ಹೋಗಿದ್ದ ಗೀಸರಿನ ಖರ್ಚನ್ನು, "ಅದು ನಮ್ದೇ ಬಿಡಿ ಅಂಕಲ್" ಎಂದು ಅವಳು ಒಪ್ಪಿದಳು. ಪೇಂಟಿಂಗ್ ಹಣವನ್ನು ಅವರು ಪೂರ್ತಿ ಬಿಡಲಿಲ್ಲ. ಬಿಡಬೇಕಿತ್ತು ಎಂದೇ ನನ್ನ ಎಣಿಕೆ. "ಬಂದಾಗಿನ ಬಾಡಿಗೆ ಹಾಕ್ತೀನಿ" ಎಂದು 14,500 ಹೊಡೆದುಹಾಕಿ 12,000 ಬರೆದರು. ಗಂಡ ಮನಸ್ಸಿಲ್ಲದ ಮನಸ್ಸಿನಿಂದ ತಲೆಯಾಡಿಸಿದ.

ಎಲ್ಲ ಸೇರಿ 15,950 ಹೋಗಿ ಬರಬೇಕಾದದ್ದು 1,04,050. ಅರವತ್ತು ಸಾವಿರಕ್ಕೆ ಚೆಕ್, ಉಳಿದ 44,050 ಮುಂದಿನ ತಿಂಗಳು 15ಕ್ಕೆ, ಹೊಸಬರು ಬಂದರೂ ಸರಿ, ಬರದಿದ್ದರೂ ಸರಿ. ಗಂಡ ಚೆಕ್ ಮಡಚಿ ಜೇಬಿಗಿಟ್ಟು ಮೆಟ್ಟಿಲಿಗೆ ತಿರುಗಿದ. ಅವಳು ಕದಲಲಿಲ್ಲ. "ಹದಿನೈದಕ್ಕೆ ಅನ್ನೋದನ್ನ ಅದೇ ಪುಟದಲ್ಲಿ ಬರೆದು ಸೈನ್ ಹಾಕ್ಬಿಡಿ ಅಂಕಲ್, ಫೋಟೋ ತಕ್ಕೊಳ್ತೀನಿ" ಎಂದಳು.