ನಿಮಗಿದು ಗೊತ್ತೇ? ಹಳೇ ಟಿ.ವಿ.ಯ ಹೊಟ್ಟೆಯಲ್ಲಿ 5 ವೋಲ್ಟ್

● ಕೊಳ್ಳೇಗಾಲ ಸೀಮೆಯ ಬಂಡಳ್ಳಿ, ಶಾಗ್ಯ, ಹನೂರು ಕಡೆಯ ಮನೆಗಳ ಅಟ್ಟದಲ್ಲಿ ಗೋಣಿಚೀಲ ಹೊದ್ದು ಕೂತ ಡಬ್ಬಾ ಟಿ.ವಿ. ಈಗಲೂ ಒಂದೊಂದು ಸಿಗುತ್ತದೆ. ಕೆಡದಿದ್ದರೆ, ಪುಟ್ಟ ಕಂಪ್ಯೂಟರೊಂದಕ್ಕೆ ಬೇಕಾದ 5 ವೋಲ್ಟ್ ಅದರೊಳಗೇ ಇದೆ. ಅದೇ ಡಬ್ಬದಲ್ಲಿ 325 ವೋಲ್ಟೂ ಇದೆ, ಕಲರ್ ಸೆಟ್ಟಾದರೆ 25,000 ವೋಲ್ಟಿನವರೆಗೂ ಇದೆ. ಯಾವುದು ಎಲ್ಲಿದೆ ಎಂದು ಗೊತ್ತಿಲ್ಲದೆ ಕೈ ಹಾಕಬಾರದು, ಅಷ್ಟೇ.

● ಪುಟ್ಟ ಕಂಪ್ಯೂಟರ್ ಅಂದರೆ ರಾಸ್ಪ್‌ಬೆರಿ ಪೈ. ಎಟಿಎಂ ಕಾರ್ಡಿನಷ್ಟು ಅಗಲದ ಒಂದೇ ಬೋರ್ಡಿನ ಮೇಲೆ ಪ್ರೊಸೆಸರ್, ಮೆಮೊರಿ, ಸಾಕೆಟ್ಟು ಎಲ್ಲವೂ ಕೂತಿರುತ್ತವೆ. ಇಂಗ್ಲೆಂಡಿನಲ್ಲಿ ಇದು ಮಾರಾಟಕ್ಕೆ ಬಂದದ್ದು 2012ರ ಫೆಬ್ರವರಿ 29ರಂದು. ಹುಟ್ಟುಹಬ್ಬ ನಾಲ್ಕು ವರ್ಷಕ್ಕೊಮ್ಮೆ!

● ಮೊದಲ ಮಾದರಿಯಲ್ಲೇ ಹಳದಿ ಬಣ್ಣದ ವಿಡಿಯೋ ಸಾಕೆಟ್ ಇತ್ತು. ಡಿ.ವಿ.ಡಿ. ಪ್ಲೇಯರಿನಿಂದ ಟಿ.ವಿ.ಗೆ ಸಿಕ್ಕಿಸುತ್ತಿದ್ದೆವಲ್ಲ, ಅದೇ ಸಾಕೆಟ್. ಹಾಗಾಗಿ ಡಬ್ಬಾ ಟಿ.ವಿ. ಈ ಕಂಪ್ಯೂಟರಿಗೆ ಕರೆಂಟು ಕೊಡುವುದಕ್ಕಿಂತ ಮೊದಲು ಪರದೆಯಾಗಬಲ್ಲದು.

● ಟಿ.ವಿ. ಪರದೆಯಲ್ಲಿ ಕಂಪ್ಯೂಟರ್ ಕಲಿಯುವುದು ಹೊಸ ಹುಚ್ಚಲ್ಲ. 1984ರಲ್ಲಿ ಕೇಂದ್ರ ಸರ್ಕಾರ ಶುರುಮಾಡಿದ 'ಕ್ಲಾಸ್' ಯೋಜನೆಯಲ್ಲಿ ನಮ್ಮ ದೇಶದ ಶಾಲೆಗಳಿಗೆ ಬಂದದ್ದು ಬಿಬಿಸಿ ಮೈಕ್ರೋ. ಅದನ್ನೂ ಟಿ.ವಿ.ಗೆ ಜೋಡಿಸಬಹುದಿತ್ತು. ಅದನ್ನು ತಯಾರಿಸಿದ ಏಕಾರ್ನ್ ಕಂಪನಿಯಲ್ಲೇ ಹುಟ್ಟಿದ 'ಆರ್ಮ್' ಪ್ರೊಸೆಸರ್ ವಂಶ ಇಂದು ರಾಸ್ಪ್‌ಬೆರಿ ಪೈ ಒಳಗಿದೆ. ನಿಮ್ಮ ಜೇಬಿನ ಮೊಬೈಲಿನಲ್ಲೂ ಬಹುಪಾಲು ಅದೇ.

● ನಮ್ಮವರೂ ಹಿಂದೆ ಬಿದ್ದಿರಲಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರು ಮತ್ತು ಎನ್ಕೋರ್ ಸಾಫ್ಟ್‌ವೇರ್ ಕಂಪನಿಯವರು ಸೇರಿ ರೂಪಿಸಿದ 'ಸಿಂಪ್ಯೂಟರ್' ಎಂಬ ಅಂಗೈ ಕಂಪ್ಯೂಟರ್ ಪೈಗಿಂತ ಸುಮಾರು ಹತ್ತು ವರ್ಷ ಹಿರಿಯ. 2004ರಲ್ಲಿ ಅದನ್ನು 'ಅಮಿಡಾ' ಹೆಸರಿನಲ್ಲಿ ತಯಾರಿಸಿ ಮಾರುಕಟ್ಟೆಗೆ ಬಿಟ್ಟದ್ದು ಭಾರತ್ ಎಲೆಕ್ಟ್ರಾನಿಕ್ಸ್ (ಬಿಇಎಲ್). ಒಂದು ಕಾಲಕ್ಕೆ ಕಪ್ಪು-ಬಿಳುಪು ಟಿ.ವಿ.ಗಳ ಪಿಕ್ಚರ್ ಟ್ಯೂಬ್ ಮಾಡುತ್ತಿದ್ದ ಅದೇ ಬಿಇಎಲ್! ಸಿಂಪ್ಯೂಟರ್ ಮಾರುಕಟ್ಟೆಯಲ್ಲಿ ನಿಲ್ಲಲಿಲ್ಲ. ಹತ್ತು ವರ್ಷ ತಡವಾಗಿ ಹುಟ್ಟಿದ್ದರೆ ಕಥೆಯೇ ಬೇರೆ ಇರುತ್ತಿತ್ತೇನೋ.

● ಇನ್ನು ಕರೆಂಟಿನ ಲೆಕ್ಕ. ಪೈ ಮಾದರಿಗಳಿಗೆಲ್ಲ ಬೇಕಾದದ್ದು 5 ವೋಲ್ಟೇ. ಆಂಪಿಯರ್ ಮಾತ್ರ ಬೇರೆ ಬೇರೆ. ಮೊದಲ ಮಾದರಿಗೆ 0.7 ಆಂಪಿಯರ್ ಸಾಕಿತ್ತು. ಪೈ 3ಕ್ಕೆ 2.5, ಪೈ 4ಕ್ಕೆ 3, ಪೈ 5ಕ್ಕೆ 5 ಆಂಪಿಯರ್ ಕೊಡುವ ಅಡಾಪ್ಟರ್ ಬೇಕೆಂದು ತಯಾರಕರೇ ಹೇಳುತ್ತಾರೆ. ಪೈ ಝೀರೋ ಮಾತ್ರ ಬಡವರ ಬಂಧು: ಸಾಮಾನ್ಯ ಕೆಲಸಕ್ಕೆ 0.1 ಆಂಪಿಯರ್ ಆಸುಪಾಸು. ವೋಲ್ಟೇಜ್ 4.63ಕ್ಕಿಂತ ಕೆಳಗಿಳಿದರೆ ಹಲವು ಮಾದರಿಗಳಲ್ಲಿ ಪರದೆಯ ಮೂಲೆಯಲ್ಲಿ ಮಿಂಚಿನ ಗುರುತು ಮೂಡುತ್ತದೆ.

● ಕಲರ್ ಡಬ್ಬಾ ಟಿ.ವಿ.ಯಲ್ಲಿ ಆ 5 ವೋಲ್ಟ್ ಎಲ್ಲಿ? ಹೆಚ್ಚಿನ ಸೆಟ್ಟುಗಳಲ್ಲಿ ರಿಮೋಟಿನ ಮಾತು ಕೇಳುವ ಐ.ಸಿ.ಯ ಪಕ್ಕ ಮೂರು ಕಾಲಿನ 7805 ಎಂಬ ರೆಗ್ಯುಲೇಟರ್ ಇರುತ್ತದೆ. ಅದರ ಕೊನೆಯ ಕಾಲಲ್ಲಿ ಮೀಟರ್ ಇಟ್ಟರೆ ಸರಿಯಾಗಿ 5 ತೋರಿಸುತ್ತದೆ. ನೋಡಿದವರಿಗೆ ಆಸೆ ಹುಟ್ಟುವುದು ಇಲ್ಲೇ. ಆದರೆ ಆ ಸಾಲಿನಲ್ಲಿ ಟಿ.ವಿ.ಯ ಐ.ಸಿ.ಗೆ ಬೇಕಾದಷ್ಟೇ ಕರೆಂಟು ಹರಿಯುತ್ತದೆ. ಪೈ ತಗುಲಿಸಿದರೆ ವೋಲ್ಟೇಜ್ ಕುಸಿದು ರಿಮೋಟೂ ಕೆಲಸ ಮಾಡುವುದಿಲ್ಲ, ಪೈಯೂ ಏಳುವುದಿಲ್ಲ.

● 7805 ಮಿಕ್ಕ ವೋಲ್ಟೇಜನ್ನು ಬಿಸಿ ಮಾಡಿ ಬಿಸಾಡುತ್ತದೆ. 12 ವೋಲ್ಟಿನಿಂದ 5 ವೋಲ್ಟಿಗೆ 1 ಆಂಪಿಯರ್ ಇಳಿಸಿದರೆ ಪೈಗೆ ಸಿಗುವುದು 5 ವ್ಯಾಟ್, ಗಾಳಿಗೆ ಹೋಗುವುದು 7 ವ್ಯಾಟ್. ಇದರ ಬದಲು ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಸಿಗುವ ಎಲ್‌ಎಂ2596 ಬಕ್ ಕನ್ವರ್ಟರ್ ಹಾಕಿ. ಅದು ಸೆಕೆಂಡಿಗೆ ಒಂದೂವರೆ ಲಕ್ಷ ಸಲ ಸ್ವಿಚ್ ಆನ್-ಆಫ್ ಮಾಡಿ ವೋಲ್ಟೇಜ್ ಇಳಿಸುವುದರಿಂದ ಬಿಸಿ ಕಡಿಮೆ. ಪೈಗೆ ಜೋಡಿಸುವ ಮುಂಚೆಯೇ ಅದರ ಸ್ಕ್ರೂ ತಿರುಗಿಸಿ, ಮೀಟರಿನಲ್ಲಿ 5 ನೋಡಿಕೊಳ್ಳಬೇಕು. ಜೋಡಿಸಿದ ಮೇಲೆ ತಿರುಗಿಸಿದವರು ಹೊಸ ಪೈ ಕೊಳ್ಳಬೇಕಾದೀತು.

● ಟಿ.ವಿ. ರಿಪೇರಿಯವರ ಬೆಂಚಿನ ಮೇಲೆ ಒಂದು 100 ವ್ಯಾಟಿನ ಬಲ್ಬು ನೇತಾಡುತ್ತಿರುತ್ತದೆ, ನೋಡಿದ್ದೀರಾ? ಅದು ಬೆಳಕಿಗಲ್ಲ. ಸೆಟ್ಟಿಗೆ ಹೋಗುವ ಕರೆಂಟು ಆ ಬಲ್ಬಿನ ಮೂಲಕವೇ ಹೋಗಬೇಕು. ಬಲ್ಬು ಒಮ್ಮೆ ಝಗ್ಗನೆ ಉರಿದು ಮಂಕಾದರೆ ಸೆಟ್ಟಿನಲ್ಲಿ ಶಾರ್ಟ್ ಇಲ್ಲವೆಂದು ಅರ್ಥ. ಪೂರ್ತಿ ಉರಿಯುತ್ತಲೇ ಇದ್ದರೆ ಒಳಗೆ ಎಲ್ಲೋ ಶಾರ್ಟ್. ಫ್ಯೂಸು ಸುಡದೆ, ಟ್ರಾನ್ಸಿಸ್ಟರ್ ಸಿಡಿಯದೆ ರೋಗ ಗೊತ್ತಾಗುತ್ತದೆ. ಕಾಲೇಜಿನ ಲ್ಯಾಬಿನಲ್ಲಿ ಕಲಿಸದ ಇಂಥ ಜಾಣತನಕ್ಕೆ ನಾನು ಹೆಚ್ಚು ಮಾರ್ಕು ಕೊಡುತ್ತೇನೆ.

● 230 ವೋಲ್ಟ್ ಎಸಿಯನ್ನು ಡಿಸಿ ಮಾಡಿದರೆ 230 ಉಳಿಯುವುದಿಲ್ಲ, ಸುಮಾರು 325 ಆಗುತ್ತದೆ. ಅದನ್ನು ಹಿಡಿದಿಡುವ ದೊಡ್ಡ ಕೆಪಾಸಿಟರ್ ಪ್ಲಗ್ ಕಿತ್ತ ಮೇಲೂ ಶಾಕ್ ಹೊಡೆಯಬಲ್ಲದು. ಪಿಕ್ಚರ್ ಟ್ಯೂಬಂತೂ ತಾನೇ ಒಂದು ಕೆಪಾಸಿಟರ್. ರಬ್ಬರ್ ಟೋಪಿಯ ಕೆಳಗೆ ಚಾರ್ಜ್ ಉಳಿಸಿಕೊಂಡಿರುತ್ತದೆ. ಕೆಲವು ಹಳೆಯ ಸೆಟ್ಟುಗಳಲ್ಲಿ ಛಾಸಿಯೇ ನೇರ ಮೇನ್ಸಿಗೆ ಸೇರಿರುತ್ತದೆ. ಅಲ್ಲಿಂದ ಪೈಗೆ ವೈರು ಎಳೆದರೆ ಪೈ ಮುಟ್ಟಿದವರು ಮೇನ್ಸನ್ನೇ ಮುಟ್ಟಿದಂತೆ.

● ಪಿಕ್ಚರ್ ಟ್ಯೂಬಿನಲ್ಲಿ 25,000 ವೋಲ್ಟಿಗೆ ಸಿಕ್ಕ ಎಲೆಕ್ಟ್ರಾನ್ ಪರದೆಗೆ ಬಡಿಯುವ ವೇಗ ಸೆಕೆಂಡಿಗೆ ಸುಮಾರು 90,000 ಕಿ.ಮೀ.; ಬೆಳಕಿನ ವೇಗದ ಶೇ. 30. ಇಷ್ಟೆಲ್ಲ ಸಂಜೆಯ ಧಾರಾವಾಹಿಗಾಗಿ!

● ಟ್ಯೂಬು ಮಂಕಾದಾಗ ಮೆಕ್ಯಾನಿಕ್ಕುಗಳು ಆ ಭಾರೀ ವೋಲ್ಟೇಜ್ ಹುಟ್ಟಿಸುವ ಫ್ಲೈಬ್ಯಾಕ್ ಟ್ರಾನ್ಸ್‌ಫಾರ್ಮರಿನ ಕೋರಿಗೆ ವೈರು ಸುತ್ತಿ ಟ್ಯೂಬಿನ ಹೀಟರಿಗೆ ಹೆಚ್ಚು ಕರೆಂಟು ಕೊಡುತ್ತಿದ್ದುಂಟು. ಅದೇ ಉಪಾಯದಿಂದ ಪೈಗೂ ಕೊಡಬಹುದಲ್ಲ ಎನ್ನುವವರಿದ್ದಾರೆ. ಅಲ್ಲಿ ಸಿಗುವುದು ಸೆಕೆಂಡಿಗೆ 15,625 ಸಲ ಬರುವ ಮೊನಚು ಅಲೆ. ಎಸಿಯನ್ನು ಡಿಸಿ ಮಾಡುವ ಸಾಮಾನ್ಯ 4007 ಡಯೋಡು ಆ ವೇಗಕ್ಕೆ ತಕ್ಕದ್ದಲ್ಲ. ಟಿ.ವಿ. ಹಾಕಿದೊಡನೆ ಮಕ್ಕಳಿಗೆ ಕೇಳಿಸುತ್ತಿದ್ದ, ದೊಡ್ಡವರಿಗೆ ಕೇಳಿಸದ ಆ ಸಣ್ಣ 'ಕಿಂಯ್' ಸದ್ದೂ ಇದೇ 15,625.

● ಡಬ್ಬಾ ಟಿ.ವಿ.ಗಳಲ್ಲಿ ಪೈಗೆ ನಿಜವಾಗಿ ಹೊಂದುವುದು ಕಪ್ಪು-ಬಿಳುಪಿನ ಪೋರ್ಟಬಲ್. ಅಂಥ ಹಲವು ಸೆಟ್ಟುಗಳು ಕರೆಂಟು ಹೋದಾಗ 12 ವೋಲ್ಟ್ ಬ್ಯಾಟರಿಯಲ್ಲೂ ಓಡುತ್ತಿದ್ದವು. ಒಳಗೆ ಟ್ರಾನ್ಸ್‌ಫಾರ್ಮರ್ ಇರುವ ಸೆಟ್ಟಾದರೆ ಆ 12 ವೋಲ್ಟ್ ಮೇನ್ಸಿನಿಂದ ಬೇರ್ಪಟ್ಟಿರುತ್ತದೆ. ಬಕ್ ಕನ್ವರ್ಟರ್ ಹಾಕಿದರೆ ಪೈ ಝೀರೋ ಆರಾಮಾಗಿ ಓಡುತ್ತದೆ.

● ಕೆಟ್ಟ ಎಲ್‌ಸಿಡಿ ಟಿ.ವಿ. ಇದ್ದರೆ ಕೆಲಸ ಇನ್ನೂ ಸುಲಭ. ಪರದೆ ಒಡೆದಿದ್ದರೂ ಪವರ್ ಬೋರ್ಡ್ ಸಾಮಾನ್ಯವಾಗಿ ಚೆನ್ನಾಗಿರುತ್ತದೆ. ಕನೆಕ್ಟರಿನ ಪಕ್ಕ 5ವಿ, 12ವಿ, ಗ್ರೌಂಡ್ ಎಂದು ಅಚ್ಚು ಹಾಕಿರುತ್ತಾರೆ. 'ಎಸ್‌ಬಿ' ಎಂದಿದ್ದರೆ ಅದು ಸ್ಟ್ಯಾಂಡ್‌ಬೈ 5 ವೋಲ್ಟ್: ಪ್ಲಗ್ಗಿನಲ್ಲಿರುವಷ್ಟು ಹೊತ್ತೂ ಜೀವಂತ. ಪೈನ 40 ಪಿನ್ನುಗಳಲ್ಲಿ 2 ಮತ್ತು 4ನೆಯದು 5 ವೋಲ್ಟಿಗೆ, 6 ಗ್ರೌಂಡಿಗೆ. 2ರ ಪಕ್ಕದ 1ನೆಯದು 3.3 ವೋಲ್ಟಿನದು, ಅಲ್ಲಿಗೆ 5 ಕೊಟ್ಟರೆ ಪೈ ಕಥೆ ಮುಗಿದಂತೆ.

● ಚೆನ್ನಾಗಿರುವ ಎಲ್‌ಸಿಡಿ ಟಿ.ವಿ.ಯ ಯುಎಸ್‌ಬಿ ಕಿಂಡಿಯಿಂದ ಪೈಗೆ ಕರೆಂಟು ಕೊಡಬಹುದೇ? ಯುಎಸ್‌ಬಿ 2.0 ನಿಯಮದಂತೆ ಸಿಗುವುದು 0.5 ಆಂಪಿಯರ್. ಝೀರೋಗೆ ಸಾಕು, ಪೈ 4ಕ್ಕೆ ಸಾಲದು. ಟಿ.ವಿ. ಆರಿಸಿದಾಗ ಕಿಂಡಿಯ ಕರೆಂಟೂ ಹೋಗಿ ಮೆಮೊರಿ ಕಾರ್ಡಿನ ಫೈಲುಗಳು ಕೆಡುವ ಸಂಭವವುಂಟು. ಎಚ್‌ಡಿಎಂಐನಿಂದ? ಊಹೂಂ. ಅಲ್ಲಿ 5 ವೋಲ್ಟ್ ಹರಿಯುವುದು ಪೈಯಿಂದ ಟಿ.ವಿ. ಕಡೆಗೆ!

● ಡಬ್ಬಾ ಟಿ.ವಿ.ಯನ್ನು ಪೈಗೆ ಪರದೆಯಾಗಿ ಜೋಡಿಸಿದಾಗ ಕೇಬಲ್ಲಿನ ಹಳದಿ ಪಿನ್ನಿನಲ್ಲಿ ಚಿತ್ರ ಬರದಿದ್ದರೆ ಕೆಂಪು ಪಿನ್ನನ್ನು ಹಳದಿ ಸಾಕೆಟ್ಟಿಗೆ ಚುಚ್ಚಿ ನೋಡಿ. ಕೆಲವು ಕೇಬಲ್ಲುಗಳಲ್ಲಿ ಅವು ಅದಲುಬದಲು. ಚಿತ್ರ ಉರುಳುತ್ತಿದ್ದರೆ, ಬಣ್ಣವಿಲ್ಲದಿದ್ದರೆ ಪೈ ಅಮೆರಿಕದ ಎನ್‌ಟಿಎಸ್‌ಸಿ ಪದ್ಧತಿಯಲ್ಲಿದೆ. ಅದನ್ನು ನಮ್ಮ 'ಪಾಲ್' ಪದ್ಧತಿಗೆ ಬದಲಿಸಿ.

● ನಮ್ಮ ಟಿ.ವಿ. ಸೆಕೆಂಡಿಗೆ 50 ಸಲ ಪರದೆ ಗುಡಿಸುವುದು ಕರೆಂಟು 50 ಸೈಕಲ್ಲಿನದು ಎಂಬ ಲೆಕ್ಕದಲ್ಲಿ. ಆದರೆ ಕೊಳ್ಳೇಗಾಲದ ಮಗ್ಗುಲಲ್ಲೇ ಇರುವ ಶಿವನಸಮುದ್ರದಲ್ಲಿ 1902ರಲ್ಲಿ ಹುಟ್ಟಿದ ಕರೆಂಟು 25 ಸೈಕಲ್ಲಿನದು! ಅದು ಹೋದದ್ದು ಸುಮಾರು 147 ಕಿ.ಮೀ. ದೂರದ ಕೋಲಾರದ ಚಿನ್ನದ ಗಣಿಗೆ. ಆಗ ಕೊಳ್ಳೇಗಾಲ ಮೈಸೂರು ಸಂಸ್ಥಾನದಲ್ಲೇ ಇರಲಿಲ್ಲ; ಮದ್ರಾಸಿನ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು.

● ಪಿಕ್ಚರ್ ಟ್ಯೂಬಿನ ಗಾಜಿನಲ್ಲಿ ಸೀಸವಿದೆ. ಕತ್ತಿಗೆ ಸುತ್ತಿದ ತಾಮ್ರಕ್ಕಾಗಿ ಅದನ್ನು ಹಿತ್ತಲಲ್ಲಿ ಒಡೆಯಬೇಡಿ, ತಿಪ್ಪೆಗೆ ಎಸೆಯಬೇಡಿ. ಪರವಾನಗಿ ಇರುವ ಇ-ತ್ಯಾಜ್ಯ ಸಂಗ್ರಹಕಾರರಿಗೆ ಕೊಡಿ. ಕಲರ್ ಡಬ್ಬಾ ಟಿ.ವಿ. ನಡೆಯುತ್ತಿದ್ದರೆ ಹಿಂದಿನ ಮುಚ್ಚಳ ಬಿಚ್ಚದೆ ಪರದೆಯಾಗಿ ಬಳಸಿ, ಪೈಗೆ ಬೇರೆ ಅಡಾಪ್ಟರ್ ಕೊಡಿ. ಬಿಚ್ಚಲೇಬೇಕೆಂಬ ಹಟವಿದ್ದರೆ ಎಲ್‌ಸಿಡಿಯ ಪವರ್ ಬೋರ್ಡ್ ತೆಗೆದುಕೊಳ್ಳಿ, ಅದೂ ನಿಮ್ಮೂರಿನ ಟಿ.ವಿ. ಮೆಕ್ಯಾನಿಕ್ಕನ್ನು ಪಕ್ಕದಲ್ಲಿ ಕೂರಿಸಿಕೊಂಡು.