ನಿಮಗಿದು ಗೊತ್ತೆ? ಇಲ್ಲಿ ಕಲ್ಲೇ ಫಿಲ್ಟರ್!

ಹವಳದ ಅಕ್ವೇರಿಯಂನಲ್ಲಿ ನೀರು ಶುದ್ಧ ಮಾಡುವ ಮುಖ್ಯ ಕೆಲಸ ಕಲ್ಲಿನದು. ಅದರ ಸಣ್ಣ ಸಣ್ಣ ರಂಧ್ರಗಳಲ್ಲಿ ಕೋಟ್ಯಂತರ ಬ್ಯಾಕ್ಟೀರಿಯಾ ನೆಲೆಸುತ್ತವೆ. ಮೀನಿನ ಹಿಕ್ಕೆ, ತಿಂದುಳಿದ ಆಹಾರದಿಂದ ಹುಟ್ಟುವ ಅಮೋನಿಯಾ ಜೀವಕ್ಕೇ ಅಪಾಯ. ಅದನ್ನು ಇವು ಮೊದಲು ನೈಟ್ರೈಟ್, ಆಮೇಲೆ ನೈಟ್ರೇಟ್ ಆಗಿಸುತ್ತವೆ. ಕಲ್ಲಿನ ಆಳಕ್ಕೆ ಆಮ್ಲಜನಕ ಸರಿಯಾಗಿ ತಲುಪದು. ಅಲ್ಲಿರುವ ಬೇರೆ ಬ್ಯಾಕ್ಟೀರಿಯಾ ನೈಟ್ರೇಟನ್ನೂ ಸಾರಜನಕವಾಗಿಸಿ ಗಾಳಿಗೆ ಬಿಡುತ್ತವೆ. ಎಂಥ ಅಚ್ಚುಕಟ್ಟು!

ಇದಕ್ಕೆ ತಾಳ್ಮೆ ಬೇಕು. ಬ್ಯಾಕ್ಟೀರಿಯಾ ಬೆಳೆಯಲು ನಾಲ್ಕಾರು ವಾರ ಹಿಡಿಯುತ್ತದೆ. ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆಗಿಳಿದ ಮೇಲೆಯೇ ಮೀನು ಬಿಡಬೇಕು.

ಸಮುದ್ರಮಟ್ಟದಿಂದ ಸುಮಾರು 560 ಮೀಟರ್ ಎತ್ತರದ ಪುಣೆಯಂಥ ಕಡಲಿಲ್ಲದ ಊರಿನಲ್ಲಿ ಈ ಅಕ್ವೇರಿಯಂಗೆ ಬೇಕಾದ ಕಡಲ ನೀರೂ ಮನೆಯಲ್ಲೇ ತಯಾರಾಗಬೇಕು. ಖಡಕ್‌ವಾಸ್ಲಾ ಅಣೆಕಟ್ಟಿನಿಂದ ಬರುವ ನಲ್ಲಿ ನೀರಿನ ಕ್ಲೋರಿನ್ ಈ ಬ್ಯಾಕ್ಟೀರಿಯಾವನ್ನೇ ಕೊಲ್ಲಬಲ್ಲದು. ಹಾಗಾಗಿ ನೀರನ್ನು ಕಾರ್ಬನ್, ಆರ್‌ಒ ಫಿಲ್ಟರ್‌ಗಳಲ್ಲಿ ಶೋಧಿಸಿ, ಲೀಟರಿಗೆ ಸುಮಾರು 35 ಗ್ರಾಂ ಅಕ್ವೇರಿಯಂ ಉಪ್ಪಿನ ಮಿಶ್ರಣ ಕರಗಿಸುತ್ತಾರೆ. ಅಡುಗೆ ಉಪ್ಪು ಸಾಲದು. ಹವಳಕ್ಕೆ ಕ್ಯಾಲ್ಸಿಯಂ, ಮೆಗ್ನೀಸಿಯಂ ಸಹ ಬೇಕು.

ಕಲ್ಲಿಗಾಗಿ ನಮ್ಮ ಕಡಲಿನ ಹವಳದ ದಿಬ್ಬಗಳಿಗೆ ಕೈಹಾಕುವಂತಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಹವಳಗಳಿಗೆ ರಕ್ಷಣೆ ನೀಡಿದೆ. ಮನುಷ್ಯರೇ ತಯಾರಿಸಿದ ರಂಧ್ರಭರಿತ ಒಣಕಲ್ಲಿನಲ್ಲೂ ಬ್ಯಾಕ್ಟೀರಿಯಾ ಚೆನ್ನಾಗಿಯೇ ನೆಲೆಯೂರುತ್ತವೆ.