ತಬ್ಬಿಕೊಳ್ಳುವ ಮಕ್ಕಳು, ಮರಳಿ ಹೋಗುವ ಅತಿಥಿಗಳು

1989ರ ಡಿಸೆಂಬರಿನಲ್ಲಿ ರುಮೇನಿಯದ ಸರ್ವಾಧಿಕಾರಿ ಚೌಸೆಸ್ಕುವಿನ ಆಳ್ವಿಕೆ ಕುಸಿದುಬಿತ್ತು. ಅದರ ಬೆನ್ನಿಗೇ ವಿದೇಶಿ ಪತ್ರಕರ್ತರು ಆ ದೇಶದ ಸರ್ಕಾರಿ ಅನಾಥಾಲಯಗಳ ಒಳಹೊಕ್ಕರು. ಅಲ್ಲಿದ್ದ ಮಕ್ಕಳ ಸಂಖ್ಯೆ ಲಕ್ಷಕ್ಕೂ ಮಿಗಿಲು! ಜನಸಂಖ್ಯೆ ಹೆಚ್ಚಿಸುವ ಹಟ ತೊಟ್ಟಿದ್ದ ಚೌಸೆಸ್ಕು 1966ರಲ್ಲಿ ಗರ್ಭಪಾತವನ್ನು ನಿಷೇಧಿಸಿದ್ದ. ಹೆತ್ತ ಮಕ್ಕಳನ್ನು ಸಾಕಲಾಗದ ಬಡವರು ಅವರನ್ನು ಸರ್ಕಾರದ ಕೈಗೊಪ್ಪಿಸುತ್ತಿದ್ದರು. ಹಾಗಾಗಿ ‘ಅನಾಥ’ರೆನಿಸಿಕೊಂಡವರಲ್ಲಿ ಹೆಚ್ಚಿನವರಿಗೆ ತಂದೆತಾಯಿ ಇದ್ದೇ ಇದ್ದರು.

ಟಿವಿಯಲ್ಲಿ ಆ ದೃಶ್ಯಗಳನ್ನು ಕಂಡವರ ಕರುಳು ಚುರಕ್ಕೆಂದಿತು. ಬ್ರಿಟನ್, ಅಮೆರಿಕಗಳಿಂದ ಚರ್ಚುಗಳ ಸೇವಾ ತಂಡಗಳು, ದಾದಿಯರು, ಕಾಲೇಜು ವಿದ್ಯಾರ್ಥಿಗಳು ಬಟ್ಟೆ, ಔಷಧಿ, ಆಟಿಕೆಗಳನ್ನು ಹೊತ್ತು ಧಾವಿಸಿದರು. ಅದರಿಂದ ಮಕ್ಕಳಿಗೆ ಉಪಕಾರವಾದದ್ದು ನಿಜ.

ಹೋದವರನ್ನು ಎರಡು ಸಂಗತಿಗಳು ಬೆರಗುಗೊಳಿಸಿದವು. ಹತ್ತಾರು ಕೂಸುಗಳು ಮಲಗಿದ್ದ ಕೋಣೆಯಲ್ಲಿ ಅಳುವೇ ಇರಲಿಲ್ಲ. ಅತ್ತರೆ ಯಾರೂ ಬರುವುದಿಲ್ಲ ಎಂಬುದನ್ನು ಆ ಕೂಸುಗಳು ಆಗಲೇ ಕಲಿತಿದ್ದವು. ಇನ್ನೊಂದು, ತುಸು ದೊಡ್ಡ ಮಕ್ಕಳ ನಡವಳಿಕೆ. ಬಾಗಿಲಲ್ಲಿ ಯಾರೇ ಕಾಣಿಸಿಕೊಳ್ಳಲಿ, ಓಡಿಬಂದು ತಬ್ಬಿಕೊಳ್ಳುತ್ತಿದ್ದರು, ಕೈ ಹಿಡಿದುಕೊಂಡು ಬಿಡುತ್ತಲೇ ಇರಲಿಲ್ಲ.

‘ಎಷ್ಟೊಂದು ಪ್ರೀತಿ!’ ಎಂದು ಯಾರಿಗಾದರೂ ಅನ್ನಿಸೀತು. ಆದರೆ ನಮ್ಮ ಮನೆಗಳ ಮಕ್ಕಳನ್ನೇ ನೋಡಿ. ವರ್ಷ ತುಂಬಿದ ಮಗು ಹೊಸಬರನ್ನು ಕಂಡರೆ ಅಮ್ಮನ ಸೆರಗಿನ ಹಿಂದೆ ಅವಿತುಕೊಳ್ಳುತ್ತದೆ. ‘ಮಾಮ ಕಣೋ, ಹೋಗು’ ಎಂದರೂ ಹೋಗುವುದಿಲ್ಲ. ಅದು ಆರೋಗ್ಯದ ಲಕ್ಷಣ. ತನ್ನವರು ಯಾರೆಂಬುದು ಆ ಮಗುವಿಗೆ ಗೊತ್ತಿದೆ. ‘ನನ್ನವರು’ ಎನ್ನಲು ಒಬ್ಬರೂ ಇಲ್ಲದ ಮಗುವಿಗೆ ಎಲ್ಲರೂ ಒಂದೇ. ಅಪರಿಚಿತರನ್ನು ಹಾಗೆ ತಬ್ಬಿಕೊಳ್ಳುವುದನ್ನು ಮನೋವಿಜ್ಞಾನಿಗಳು ಬಾಂಧವ್ಯದ ಕೊರತೆಯ ಲಕ್ಷಣವೆಂದೇ ಪರಿಗಣಿಸುತ್ತಾರೆ.

ಈ ಕೊರತೆ ಮಿದುಳಿಗೆ ಏನು ಮಾಡುತ್ತದೆ? ಅಮೆರಿಕದ ವಿಜ್ಞಾನಿಗಳಾದ ಚಾರ್ಲ್ಸ್ ನೆಲ್ಸನ್, ನೇಥನ್ ಫಾಕ್ಸ್, ಚಾರ್ಲ್ಸ್ ಝೀನಾ 2000ದಲ್ಲಿ ರಾಜಧಾನಿ ಬುಕಾರೆಸ್ಟ್‌ನಲ್ಲಿ ಅಧ್ಯಯನಕ್ಕೆ ತೊಡಗಿದರು. ಆರು ತಿಂಗಳಿನಿಂದ ಸುಮಾರು ಎರಡೂವರೆ ವರ್ಷದವರೆಗಿನ 136 ಮಕ್ಕಳನ್ನು ಆರಿಸಿಕೊಂಡು, ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿದರು. ಅರ್ಧದಷ್ಟು ಮಕ್ಕಳು ತರಬೇತಿ ಪಡೆದ ಸಾಕು ಕುಟುಂಬಗಳಿಗೆ ಹೋದರು, ಉಳಿದವರು ಅನಾಥಾಲಯದಲ್ಲೇ ಇದ್ದರು. (ಇದು ನ್ಯಾಯವೇ ಎಂಬ ಪ್ರಶ್ನೆ ಸಹಜ. ಆಗ ಆ ಊರಿನಲ್ಲಿ ಸಾಕು ಕುಟುಂಬಗಳು ಇಲ್ಲವೆನ್ನುವಷ್ಟು ಕಡಿಮೆ. ಅನಾಥಾಲಯದಲ್ಲಿದ್ದ ಮಗುವಿಗೆ ನಂತರ ಮನೆ ದೊರೆತರೆ ವಿಜ್ಞಾನಿಗಳು ತಡೆಯುತ್ತಿರಲಿಲ್ಲ.)

ಫಲಿತಾಂಶ 2007ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ನಾಲ್ಕೂವರೆ ವರ್ಷದ ಹೊತ್ತಿಗೆ ಅನಾಥಾಲಯದಲ್ಲಿ ಉಳಿದ ಮಕ್ಕಳ ಸರಾಸರಿ ಬುದ್ಧಿಸೂಚ್ಯಂಕ 73, ಸಾಕು ಕುಟುಂಬಕ್ಕೆ ಹೋದವರದು 81, ಅದೇ ಊರಲ್ಲಿ ಹೆತ್ತವರ ಬಳಿ ಬೆಳೆದವರದು 109. ಎರಡು ವರ್ಷ ತುಂಬುವ ಮೊದಲೇ ಮನೆ ಸಿಕ್ಕವರು ಹೆಚ್ಚು ಚೇತರಿಸಿಕೊಂಡಿದ್ದರು. ಆಟಿಕೆ, ಹಾಲು, ಬೆಚ್ಚನೆಯ ಹೊದಿಕೆ ಎಲ್ಲವೂ ಬೇಕು. ಆದರೆ ರಾತ್ರಿ ಎದ್ದು ಅತ್ತಾಗ ಬರುವ ಅದೇ ಮುಖ, ನಾಳೆಯೂ ಬರುವ ಅದೇ ಮುಖ, ಅದರ ಕೆಲಸವನ್ನು ಇವು ಮಾಡಲಾರವು.

ಎರಡು ವಾರಕ್ಕೆಂದು ಬರುವ ಸ್ವಯಂಸೇವಕರ ತೊಡಕು ಇರುವುದು ಇಲ್ಲಿಯೇ. ಎತ್ತಿ ಆಡಿಸುತ್ತಾರೆ, ಹಾಡು ಕಲಿಸುತ್ತಾರೆ, ಫೋಟೊ ತೆಗೆಸಿಕೊಂಡು ಕಣ್ಣೀರಿಡುತ್ತಾ ವಿಮಾನ ಹತ್ತುತ್ತಾರೆ. ಮರುವಾರ ಇನ್ನೊಂದು ತಂಡ. ಅಷ್ಟೂ ಬೀಳ್ಕೊಡುಗೆಗಳು ಆ ಒಂದೇ ಮಗುವಿನ ಪಾಲಿಗೆ.

ರುಮೇನಿಯ ಪಾಠ ಕಲಿಯಿತು. ಎರಡು ವರ್ಷದೊಳಗಿನ ಮಕ್ಕಳನ್ನು ಅನಾಥಾಲಯಕ್ಕೆ ಸೇರಿಸುವುದನ್ನು, ತೀವ್ರ ಅಂಗವೈಕಲ್ಯದ ಪ್ರಕರಣಗಳ ಹೊರತು, 2004ರ ಕಾನೂನು ನಿಷೇಧಿಸಿತು. ಕಾಂಬೋಡಿಯದಲ್ಲಿ ನಡೆದದ್ದು ಇದಕ್ಕೆ ತದ್ವಿರುದ್ಧ. ಅಲ್ಲಿ 2005ರಿಂದ 2010ರ ನಡುವೆ ಅನಾಥಾಲಯಗಳ ಸಂಖ್ಯೆ ಶೇ 75ರಷ್ಟು ಏರಿತು. ಅದಕ್ಕೆ ಕಾರಣ ಯುದ್ಧವಲ್ಲ, ಬರವಲ್ಲ. ಏರಿದ್ದು ಪ್ರವಾಸಿಗರು ಮತ್ತು ದಾನಿಗಳ ಸಂಖ್ಯೆ! ಆ ಮಕ್ಕಳಲ್ಲಿ ಸುಮಾರು ಮುಕ್ಕಾಲು ಪಾಲಿಗೆ ತಂದೆ ಅಥವಾ ತಾಯಿ ಇದ್ದರು. ಊಟ, ಇಂಗ್ಲಿಷ್ ಶಾಲೆಯ ಆಸೆ ತೋರಿಸಿದರೆ ಯಾವ ಬಡ ತಾಯಿ ತಾನೇ ಬೇಡವೆಂದಾಳು? ಅನಾಥಾಲಯಕ್ಕಾಗಿ ಮಕ್ಕಳನ್ನು ಹೀಗೆ ಸಾಗಿಸುವುದನ್ನು ಆಸ್ಟ್ರೇಲಿಯ 2018ರಲ್ಲಿ ಆಧುನಿಕ ಗುಲಾಮಗಿರಿಯ ಒಂದು ರೂಪವೆಂದು ಗುರುತಿಸಿತು.

ಇಂದು ವಿದೇಶಗಳಲ್ಲಿ ಓದುವ ನಮ್ಮ ಹುಡುಗ ಹುಡುಗಿಯರಿಗೂ ಇಂಥ ಸೇವಾ ಪ್ರವಾಸದ ಕರೆ ಬರಬಹುದು. ಹೋಗಲೇಬಾರದು ಎಂದೇನಿಲ್ಲ. ನೀರಿನ ಕೊಳವೆ ಸರಿಪಡಿಸುವುದು, ಲೆಕ್ಕಪತ್ರ ಬರೆಯುವುದು, ಅಲ್ಲಿನ ಆಯಾಗಳಿಗೆ ಅಂಗಮರ್ದನ, ವ್ಯಾಯಾಮ ಚಿಕಿತ್ಸೆ ಕಲಿಸುವುದು, ಇವೆಲ್ಲ ಬಂದವರು ಹೋದ ಮೇಲೂ ಉಳಿಯುವ ಕೆಲಸಗಳು. ಹಣ ಕಟ್ಟುವ ಮುನ್ನ ಹೆತ್ತವರೂ ಮಕ್ಕಳೂ ಒಟ್ಟಿಗೆ ಕೂತು ಸಂಸ್ಥೆಗೆ ಪತ್ರ ಬರೆಯಲಿ. ಅಲ್ಲಿರುವ ಮಕ್ಕಳಿಗೆ ತಂದೆತಾಯಿ ಇದ್ದಾರೆಯೇ? ಅವರನ್ನು ಮನೆಗೆ ಮರಳಿಸಲು ಏನು ನಡೆದಿದೆ? ಬರುವವರ ಪೂರ್ವಾಪರವನ್ನು ಪೊಲೀಸರ ಮೂಲಕ ವಿಚಾರಿಸುತ್ತೀರಾ? ಪ್ರವಾಸದ ಹಣ ಕಟ್ಟಿದ ಮಾತ್ರಕ್ಕೆ ಯಾರನ್ನು ಬೇಕಾದರೂ ಮಕ್ಕಳ ಕೋಣೆಗೆ ಬಿಡುವ ಸಂಸ್ಥೆಯಾದರೆ, ಆ ಟಿಕೆಟ್ಟನ್ನು ಕೊಳ್ಳದಿರುವುದೇ ಲೇಸು.